ಪದಚರ್ಚೆ: ಹೆಡ್‌ಫೋನಿನ ‘ವಾರ್ಮ್’ ದನಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದೇ ಒಂದು ಪದ ಕೇಳೋಣ ಅಂತ ಕೂತೆ. ಬರೆಯುತ್ತಾ ಹೋದಂತೆ ಆರೇಳು ಸೇರಿಕೊಂಡವು. ಸ್ವಲ್ಪ ಉದ್ದವಾಗಿದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಭಾವ ನಿವೃತ್ತ ಮೇಷ್ಟ್ರು. ಮೃದಂಗ ಕಲಿತವರು, ಈಗಲೂ ಭಜನೆಗೆ ನುಡಿಸುತ್ತಾರೆ. ಮೊಬೈಲಿನಲ್ಲಿ ಹಳೆಯ ಕಚೇರಿಗಳ ರೆಕಾರ್ಡಿಂಗ್ ಕೇಳುವುದನ್ನು ಇತ್ತೀಚೆಗೆ ಹಚ್ಚಿಕೊಂಡಿದ್ದಾರೆ. “ಫೋನ್ ಜೊತೆ ಬಂದ ಈ ವಯರಲ್ಲಿ ಮೃದಂಗ ಡಬ್ಬ ಬಡಿದ ಹಾಗೆ ಕೇಳುತ್ತೆ ಕಣೋ, ಒಳ್ಳೆ ಹೆಡ್‌ಫೋನ್ ಯಾವುದು ಹೇಳು” ಅಂದರು. ನನಗೆ ಈ ಹುಚ್ಚು ನಾಲ್ಕು ವರ್ಷದಿಂದ ಇದೆ. ಕೇಳಿದವರಿಗೆ ಎರಡು ಮಾತಲ್ಲಿ ಹೇಳಿ ಬಿಡುವ ಅಭ್ಯಾಸ ಇಲ್ಲ. ಹೊಸಬರಿಗೆ ಅಂತ ಎರಡು ಪುಟ ಕನ್ನಡದಲ್ಲೇ ಬರೆದು ಕಳಿಸಿದೆ. ಅದರಲ್ಲಿ ‘ಸೆನ್‌ಹೈಸರ್ ಎಚ್‌ಡಿ 650ರ ದನಿ ಬೆಚ್ಚಗಿದೆ’ ಅಂತ ಒಂದು ವಾಕ್ಯ ಇತ್ತು. ಹತ್ತು ನಿಮಿಷಕ್ಕೆ ಫೋನ್ ಬಂತು.

“ಬೆಚ್ಚಗೆ ಅಂದ್ರೆ? ಕಿವಿ ಬೆವರುತ್ತಾ?”

ಕಿವಿ ಬೆವರುವುದೂ ನಿಜ ಅನ್ನಿ, ದಪ್ಪ ಮೆತ್ತೆಯ ಹೆಡ್‌ಫೋನ್ ಒಂದು ಗಂಟೆ ಹಾಕಿಕೊಂಡರೆ. ಆದರೆ ನಾನು ಹೇಳಹೊರಟಿದ್ದು ಅದಲ್ಲವಲ್ಲ. ಇಂಗ್ಲಿಷಿನಲ್ಲಿ ಈ ಹವ್ಯಾಸದವರು ‘ವಾರ್ಮ್’ ಅಂದರೆ, ಕೆಳಗಿನ ದನಿಗಳು ತುಸು ಮುಂದೆ ಬಂದು ಮೇಲಿನ ದನಿಗಳು ತುಸು ಹಿಂದೆ ಸರಿದಿವೆ ಅಂತ ಅರ್ಥ. ಗಾಯಕರ ಎದೆಯ ದನಿ ಚೆನ್ನಾಗಿ ಕೇಳುತ್ತದೆ, ತಾಳದ ಕಿಣಿಕಿಣಿ ಚುಚ್ಚುವುದಿಲ್ಲ. ಇದಕ್ಕೆ ‘ಬೆಚ್ಚಗೆ’ ಅಂತ ನಮ್ಮ ಕಡೆ ಯಾರೂ ಹೇಳಿದ್ದು ನಾನು ಕೇಳಿಲ್ಲ. ಬೆಚ್ಚಗಿರುವುದು ಕಂಬಳಿ, ಒಲೆಯ ಮುಂದಿನ ಜಾಗ, ಹೆಚ್ಚೆಂದರೆ ಮಡಿಲು. ದನಿ ಅಲ್ಲ.

ಇನ್ನೊಂದು ತಮಾಷೆ ಇದೆ. ಶ, ಷ, ಸ ಚುಚ್ಚುವ ಹಾಗೆ ಕೇಳುವುದಕ್ಕೆ ಅವರು ‘ಸಿಬಿಲೆನ್ಸ್’ ಅನ್ನುತ್ತಾರೆ. ಸುಮಾರು 5,000ದಿಂದ 8,000 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಕಂಪನ ಅನ್ನುವ ಲೆಕ್ಕ, ಹೆಚ್ಚಿದಷ್ಟೂ ದನಿ ಮೇಲಿನದು) ಆಸುಪಾಸಿನ ದನಿ ಜಾಸ್ತಿಯಾದರೆ ಹೀಗಾಗುತ್ತದೆ. ಅಗ್ಗದ ಇಯರ್‌ಫೋನುಗಳ ಮೊದಲ ರೋಗವೇ ಇದು. ನಮ್ಮ ವ್ಯಾಕರಣದಲ್ಲಿ ಈ ಅಕ್ಷರಗಳಿಗೆ ಏನು ಹೆಸರು? ಊಷ್ಮ. ಅಂದರೆ ಬಿಸಿ! ಅವರ ಪ್ರಕಾರ ಬೆಚ್ಚಗಿನ ಹೆಡ್‌ಫೋನ್ ಅಂದರೆ ಸಕಾರ ಚುಚ್ಚದ ಹೆಡ್‌ಫೋನ್. ನಮ್ಮ ವೈಯಾಕರಣರ ಲೆಕ್ಕದಲ್ಲಿ ಸಕಾರವೇ ಬಿಸಿ. ‘ಬೆಚ್ಚಗೆ’ ಅಂತ ಅನುವಾದ ಮಾಡಿದ್ದಕ್ಕೆ ಆಗ ನನಗೇ ನಾಚಿಕೆಯಾಯಿತು.

ಟಿಪ್ಪಣಿ ಬದಿಗಿಟ್ಟು ಭಾವನನ್ನೇ ಮನೆಗೆ ಕರೆದೆ. ನನ್ನ ಹತ್ತಿರ ಇರುವ ಮೂರು ಹೆಡ್‌ಫೋನುಗಳನ್ನು ಒಂದಾದ ಮೇಲೊಂದು ಕೊಟ್ಟೆ. ಹಾಡು ಒಂದೇ, ಅವರಿಗೆ ಬಾಯಿಪಾಠ ಆಗಿರುವಂಥದ್ದು. ಹೊಸಬರಿಗೆ ನಾನು ಹೇಳುವ ಮೊದಲ ಮಾತೇ ಇದು: ಗೊತ್ತಿಲ್ಲದ ಹಾಡಿನಲ್ಲಿ ಹೆಡ್‌ಫೋನ್ ಪರೀಕ್ಷೆ ಮಾಡಬೇಡಿ.

ಎರಡನೆಯ ಮಾತು ವಾಲ್ಯೂಮಿನದು. ಎರಡರಲ್ಲಿ ಒಂದು ತುಸು ಜೋರಾಗಿದ್ದರೂ ಕಿವಿಗೆ ಅದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಒಂದೆರಡು ಡೆಸಿಬೆಲ್ ವ್ಯತ್ಯಾಸ ಸಾಕು. ಅದಕ್ಕೇ ಎರಡನ್ನೂ ಒಂದೇ ಜೋರಿಗೆ ತಂದು ಕೇಳಬೇಕು. ಕನ್ನಡದಲ್ಲಿ ಇದನ್ನು ವಿವರಿಸುವುದು ಇನ್ನೂ ಕಷ್ಟ. ಯಾಕೆಂದರೆ ನಮ್ಮಲ್ಲಿ ‘ಸೌಂಡ್’ ಅಂದರೇ ವಾಲ್ಯೂಮ್. “ಟೀವಿ ಸೌಂಡ್ ಕಮ್ಮಿ ಮಾಡು” ಅನ್ನುತ್ತೇವೆ ಅಲ್ವಾ? ‘ಸೌಂಡ್ ಚೆನ್ನಾಗಿದೆ’ ಅಂದರೆ ಜನ ‘ಜೋರಾಗಿದೆ’ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ಹಾಗಾಗಿ ನಾನು ಈಗ ಗುಣಕ್ಕೆ ‘ದನಿ’, ಅಳತೆಗೆ ‘ಸೌಂಡ್’ ಅಂತ ಬೇರೆ ಮಾಡಿಕೊಂಡಿದ್ದೇನೆ. ಇದು ಸರಿಯಾ, ಹೇಳಿ.

ಭಾವನ ಬಾಯಿಂದ ಬಂದ ಮಾತುಗಳನ್ನು ಅಲ್ಲೇ ಗೀಚಿಕೊಂಡೆ. ಈ ಪತ್ರ ಬರೆಯುತ್ತಿರುವುದೇ ಅವುಗಳಿಗೋಸ್ಕರ.

ಮೊದಲನೆಯದು ಮೊಬೈಲ್ ಅಂಗಡಿಯಲ್ಲಿ ಕೊಂಡ, ಬೇಸ್ ಜಾಸ್ತಿ ಇರುವ ಹೆಡ್‌ಫೋನ್. ಎರಡು ನಿಮಿಷ ಕೇಳಿ ತೆಗೆದಿಟ್ಟರು. “ಎಡ ಮುಚ್ಚಿಗೆಗೆ ರವೆ ಜಾಸ್ತಿ ಆಯ್ತು” ಅಂದರು. ಮೃದಂಗ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನುಡಿಸುವ ಮೊದಲು ಎಡಗಡೆಯ ಚರ್ಮಕ್ಕೆ ರವೆ ಕಲಸಿ ಹಚ್ಚುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ದನಿ ಕೆಳಗಿಳಿದು ಗುಂ ಅನ್ನುವುದು ಅದರಿಂದ. ಜಾಸ್ತಿ ಹಚ್ಚಿದರೆ ಗುಂ ಹೋಗಿ ಬರೀ ದಪ್ಪ ಉಳಿಯುತ್ತದೆ. ಇಂಗ್ಲಿಷ್ ವಿಮರ್ಶಕರು ‘ಮಡ್ಡಿ’, ‘ಬ್ಲೋಟೆಡ್’ ಅಂತೆಲ್ಲ ಒದ್ದಾಡುವುದನ್ನು ಇವರು ಒಂದು ವಾಕ್ಯದಲ್ಲಿ ಮುಗಿಸಿದರು. ಧಾರವಾಡದ ಕಡೆಯ ಗೆಳೆಯನೊಬ್ಬ ಇದಕ್ಕೇ ‘ರಾಡಿ’ ಅನ್ನುತ್ತಾನೆ. ಕದಡಿದ ನೀರಿನ ಹೋಲಿಕೆ. ಹಾಗಾದರೆ ಕದಡದ ದನಿಗೆ ‘ತಿಳಿ’ ಅನ್ನಬಹುದಲ್ಲ? ತಿಳಿ ನೀರು, ತಿಳಿ ಸಾರು, ತಿಳಿ ದನಿ. ‘ಕ್ಲಾರಿಟಿ’ಗೆ ‘ಸ್ಪಷ್ಟತೆ’ ಅನ್ನುವುದಕ್ಕಿಂತ ನನಗೆ ಇದು ಇಷ್ಟ.

ಎರಡನೆಯದು ಸ್ಟುಡಿಯೋದವರು ಬಳಸುವ ಬಗೆಯದು, ಮೇಲಿನ ದನಿ ಎದ್ದು ಕಾಣುವಂಥದ್ದು. ಇಂಗ್ಲಿಷಿನಲ್ಲಿ ‘ಬ್ರೈಟ್’. ಭಾವ ತಲೆಯಾಡಿಸಿದರು. “ಕಂಚಿನ ಕಂಠ ಅಂದ್ಕೊಂಡೆ, ಆಮೇಲೆ ತಗಡು ಆಯ್ತು.” ನೋಡಿ, ಎಷ್ಟು ಚೆನ್ನಾಗಿದೆ. ಮೈಕ್ ಇಲ್ಲದ ಕಾಲದ ನಾಟಕದವರಿಗೆ ಕಂಚಿನ ಕಂಠ ಬೇಕಿತ್ತು, ಹಿಂದಿನ ಸಾಲಿನವರೆಗೂ ಮುಟ್ಟಬೇಕಲ್ಲ. ಅದು ಹೊಗಳಿಕೆ. ಅದೇ ಗುಣ ಅತಿಯಾದರೆ ತಗಡು. ಇಂಗ್ಲಿಷಿನಲ್ಲಿ ಎಷ್ಟೋ ಸಲ ಎರಡಕ್ಕೂ ‘ಬ್ರೈಟ್’ ಅಂತಲೇ ಹೇಳಿ ಓದುವವರನ್ನು ಗೊಂದಲಕ್ಕೆ ಕೆಡವುತ್ತಾರೆ. ನಮ್ಮಲ್ಲಿ ಲೋಹ ಬದಲಾಯಿಸಿದರೆ ಸಾಕು. (ಹಿತ್ತಾಳೆಯೂ ಇದೆ, ಆದರೆ ಅದು ದನಿಗಲ್ಲ, ಕಿವಿಗೆ. ಯೂಟ್ಯೂಬಿನಲ್ಲಿ ಯಾರೋ ಹೊಗಳಿದರು ಅಂತ ತಿಂಗಳಿಗೊಂದು ಹೆಡ್‌ಫೋನ್ ಕೊಳ್ಳುವ ನನ್ನಂಥವರದ್ದು ಹಿತ್ತಾಳೆ ಕಿವಿಯೇ.)

ಮೂರನೆಯದು ಆ 650. ಇದರ ಕತೆ ಬೇರೆ. 300 ಓಮಿನ ಹೆಡ್‌ಫೋನ್ (ಓಮ್ ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ), ಫೋನಿಗೆ ನೇರ ಸಿಕ್ಕಿಸಿದರೆ ವಾಲ್ಯೂಮ್ ಕೊನೆಯವರೆಗೂ ಏರಿಸಬೇಕು. ಇದಕ್ಕೆ ಇಂಗ್ಲಿಷಿನಲ್ಲಿ ಫೋನು ಹೆಡ್‌ಫೋನನ್ನು ‘ಡ್ರೈವ್’ ಮಾಡಲ್ಲ ಅನ್ನುತ್ತಾರೆ. ನಾನು ‘ನಡೆಸಲಾರದು’ ಅಂತ ಬರೆದಿದ್ದೆ, ಸತ್ತ ಮಾತು. ಭಾವನೇ ತಿದ್ದಿದರು: “ಘಾಟಿಯಲ್ಲಿ ಗಾಡಿ ಎಳೆಯಲ್ಲ ಅಂತೀವಲ್ಲ, ಹಾಗಾ?” ಹಾಗೇ. ಫೋನು ಎಳೆಯಲ್ಲ, ಆಂಪ್ (ದನಿಗೆ ಬಲ ಕೊಡುವ ಆಂಪ್ಲಿಫೈಯರ್) ಎಳೆಯುತ್ತದೆ. ಬರೀ ಓಮ್ ನೋಡಿದರೆ ಸಾಲದು ಅನ್ನುವುದನ್ನೂ ಇದೇ ಮಾತಲ್ಲಿ ಹೇಳಬಹುದು. ಓಮ್ ಕಡಿಮೆ ಇದ್ದೂ ಎಳೆಯುವುದಕ್ಕೆ ಭಾರವಾದ ‘ಪ್ಲೇನಾರ್’ (ಚಪ್ಪಟೆ ಪೊರೆ ಕಂಪಿಸುವ ಬಗೆಯ) ಹೆಡ್‌ಫೋನುಗಳಿವೆ. ಅಷ್ಟೇ ವಿದ್ಯುತ್ತಿಗೆ ಅವು ಕಡಿಮೆ ಜೋರು ಕೊಡುತ್ತವೆ, ಅದಕ್ಕೆ. ಹೊಸಬರಿಗೆ ಇದ್ಯಾವ ತಲೆನೋವೂ ಬೇಡ. 16, 32 ಓಮಿನ ವಯರಿನ ಇಯರ್‌ಫೋನುಗಳನ್ನು ಯಾವ ಫೋನಾದರೂ ಎಳೆಯುತ್ತದೆ. ಪೆಟ್ಟಿಗೆಯ ಮೇಲೆ 40,000 ಹರ್ಟ್ಸ್ ಅಂತ ಬರೆದಿದ್ದಕ್ಕೆ ದುಡ್ಡು ಕೊಡಬೇಕಾಗಿಯೂ ಇಲ್ಲ. ಮನುಷ್ಯರ ಕಿವಿ 20,000ಕ್ಕೇ ನಿಲ್ಲುತ್ತದೆ. ಭಾವನ ವಯಸ್ಸಿಗೆ ಅದಕ್ಕಿಂತ ಬಹಳ ಮೊದಲೇ.

ಆಂಪ್ ಸಿಕ್ಕಿಸಿ 650 ಕೊಟ್ಟೆ. ಹಾಡು ಶುರುವಾಗುವ ಮುಂಚೆ ತಂಬೂರಿ ಬರುತ್ತದಲ್ಲ, ಅಲ್ಲೇ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು.

“ಜೀವಾಳ ಕೇಳಿಸ್ತಿದೆ.”

ಜೀವಾಳ ಅಂದರೆ ತಂಬೂರಿಯ ತಂತಿಗೂ ಅದನ್ನು ಹೊರುವ ಕುದುರೆಗೂ (ಇಂಗ್ಲಿಷಿನಲ್ಲಿ ‘ಬ್ರಿಡ್ಜ್’) ನಡುವೆ ಸಿಕ್ಕಿಸುವ ನೂಲಿನ ಎಳೆ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ ಝೇಂಕಾರ ಅರಳುತ್ತದೆ ಅಥವಾ ಸಾಯುತ್ತದೆ. ‘ಡೀಟೇಲ್’, ‘ರೆಸಲ್ಯೂಷನ್’ ಅಂತ ಬರೆಯುತ್ತಾರಲ್ಲ, ಅದಕ್ಕೆ ‘ವಿವರ’ ಅಂದರೆ ಸಾಲದು ಅಂತ ನನಗೆ ಯಾವಾಗಲೂ ಅನ್ನಿಸುತ್ತಿತ್ತು. ‘ಈ ಹೆಡ್‌ಫೋನಿನಲ್ಲಿ ಜೀವಾಳ ಕೇಳಿಸುತ್ತೆ’ ಅನ್ನುವುದು ಸಂಗೀತದವರಲ್ಲದವರಿಗೂ ಅರ್ಥವಾದೀತಾ? ಅವರಿಗೆ ಜೀವಾಳ ಅಂದರೆ ‘ತಿರುಳು’ ಅಷ್ಟೇ. ಆದರೂ ಅರ್ಥ ತೀರಾ ಕೆಡುವುದಿಲ್ಲ ಅನ್ನಿಸುತ್ತದೆ.

ಹಾಡು ಮುಗಿದ ಮೇಲೆ ಕೇಳಿದೆ, ಇದರ ದನಿಯನ್ನು ಏನಂತೀರಿ ಅಂತ. ಯೋಚನೆ ಮಾಡಲೇ ಇಲ್ಲ. “ತುಂಬು ದನಿ” ಅಂದರು. ತುಂಬು ಕಂಠ, ತುಂಬು ಮನೆ, ತುಂಬು ಗರ್ಭಿಣಿ ಅನ್ನುವ ಹಾಗೆ. ‘ವಾರ್ಮ್’ಗೆ ನನ್ನ ಮತ ಸದ್ಯಕ್ಕೆ ಇದಕ್ಕೇ. ಆದರೆ ಒಂದು ಅನುಮಾನ. ತುಂಬು ಅನ್ನುವುದು ಪೂರ್ತಿ ಹೊಗಳಿಕೆ. ‘ವಾರ್ಮ್’ ಅನ್ನುವಲ್ಲಿ ಮೇಲಿನ ದನಿ ಕಡಿಮೆ ಅನ್ನುವ ಸಣ್ಣ ದೂರೂ ಅಡಗಿರುತ್ತದೆ. ಆ ದೂರನ್ನು ಹೇಳುವ ಪದ ಯಾರಿಗಾದರೂ ಹೊಳೆಯುತ್ತದಾ? ‘ನುಣ್ಚರ’ ಅಂತ ಹಳಗನ್ನಡದಲ್ಲಿದೆ, ನುಣುಪಾದ ಸ್ವರ ಅಂತ. ಸುಂದರವಾಗಿದೆ, ಆದರೆ ಹೆಡ್‌ಫೋನ್ ಅಂಗಡಿಯಲ್ಲಿ ನಿಂತು ‘ನುಣ್ಚರ ಇರೋದು ತೋರಿಸಿ’ ಅನ್ನುವ ಧೈರ್ಯ ನನಗಿಲ್ಲ.

‘ಬರ್ನ್ ಇನ್’ಗೆ ಮಾತ್ರ ಪದ ಸಿಕ್ಕಿಬಿಟ್ಟಿದೆ. ಹೊಸ ಹೆಡ್‌ಫೋನಿನಲ್ಲಿ ಐವತ್ತು, ನೂರು ಗಂಟೆ ಹಾಡು ಹಾಕಿಟ್ಟರೆ ದನಿ ಸುಧಾರಿಸುತ್ತದೆ ಅನ್ನುವ ನಂಬಿಕೆ ಅದು. ಅಕ್ಕ ಅಡುಗೆಮನೆಯಿಂದಲೇ ಹೇಳಿದಳು, “ದೋಸೆ ಹೆಂಚು ಪಳಗಿಸಿದ ಹಾಗೆ.” ಅಳೆದು ನೋಡಿದರೆ ವ್ಯತ್ಯಾಸ ಬಹಳ ಚಿಕ್ಕದು, ಪಳಗುವುದು ಹೆಚ್ಚಾಗಿ ನಮ್ಮ ಕಿವಿಯೇ. ಎರಡಕ್ಕೂ ‘ಪಳಗು’ ಒಪ್ಪುತ್ತದೆ ನೋಡಿ.

ಸಿಕ್ಕಿಹಾಕಿಕೊಂಡಿರುವುದು ‘ಓಪನ್ ಬ್ಯಾಕ್’ ಹತ್ತಿರ. 1968ರ ಸೆನ್‌ಹೈಸರ್ ಎಚ್‌ಡಿ 414ರಿಂದ ಶುರುವಾದ ಬಗೆ. ಹೊರಮೈಗೆ ಮುಚ್ಚಳ ಇಲ್ಲ, ಬರೀ ಜಾಲರಿ. ದನಿ ಎರಡೂ ಕಡೆ ಹೋಗುತ್ತದೆ, ಪಕ್ಕದವರಿಗೂ ಕೇಳುತ್ತದೆ. ಬಸ್ಸಿಗೆ ಆಗಿಬರಲ್ಲ. ಆದರೆ ಪಿಟೀಲು ಇಲ್ಲಿ, ಮೃದಂಗ ಅಲ್ಲಿ ಅಂತ ತಲೆಯ ಹೊರಗೆ ಹರಡಿಕೊಂಡ ಹಾಗೆ ಇರುತ್ತದೆ. ಈ ‘ಸೌಂಡ್‌ಸ್ಟೇಜ್’ಗೆ ‘ಹರವು’ ಅಂತ ಇಟ್ಟುಕೊಂಡಿದ್ದೇನೆ. ಹೆಡ್‌ಫೋನಿಗೇ ಏನನ್ನುವುದು? ‘ಬೆನ್ನು ತೆರೆದ ಹೆಡ್‌ಫೋನ್’ ಅಂತ ಟಿಪ್ಪಣಿಯಲ್ಲಿ ಬರೆದಿದ್ದೆ. ಅಕ್ಕ ಓದಿ, “ಬ್ಲೌಸ್ ಹೊಲಿಸ್ತಿದ್ದೀಯೇನೋ?” ಅಂತ ನಕ್ಕಳು. ‘ಬಯಲು ಹೆಡ್‌ಫೋನ್’, ‘ಮುಚ್ಚು ಹೆಡ್‌ಫೋನ್’ ಅಂದರೆ ಹೇಗೆ? ಬಯಲಾಟದ ಬಯಲು. ಮೈಕ್‌ಸೆಟ್ ಕೆಲಸ ಮಾಡಿದವರು, ಯಕ್ಷಗಾನದ ಹಿಮ್ಮೇಳದವರು ಯಾರಾದರೂ ಇಲ್ಲಿದ್ದರೆ ಹೇಳಿ, ಡಬ್ಬದೊಳಗೆ ಕಟ್ಟಿಹಾಕದ ದನಿಗೆ ನಿಮ್ಮಲ್ಲಿ ಏನಂತೀರಿ? ಮುಂದಿನ ಭಾನುವಾರ ಭಾವ ಒಂದು ಕೊಳ್ಳಲು ಹೊರಟಿದ್ದಾರೆ. ಅಷ್ಟರೊಳಗೆ ಸಿಕ್ಕರೆ ಟಿಪ್ಪಣಿ ತಿದ್ದಿ ಕಳಿಸುತ್ತೇನೆ.