ಸಹಾಯ ಬೇಕು: ಪಶ್ಚಿಮದ ಗೋಡೆಗೆ ಪ್ಲಾಸ್ಟರ್ ಬೇಕಾ, ಬೇಡ್ವಾ?

ನಮಸ್ಕಾರ. ಮಂಡ್ಯದಲ್ಲಿ 30×40 ಸೈಟಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಪಾಯ ಮುಗಿದಿದೆ, ಮುಂದಿನ ವಾರ ಗೋಡೆ ಏಳಬೇಕು. ಮನೆ ಪಶ್ಚಿಮಕ್ಕೆ ಮುಖ. ಈಗಿನ ಬಾಡಿಗೆ ಮನೆಯೂ ಹಾಗೇ. ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಗೋಡೆ ಮುಟ್ಟಿದರೆ ಕಾವಲಿ ಮುಟ್ಟಿದ ಹಾಗಿರುತ್ತದೆ.

ಅದಕ್ಕೇ ರ‍್ಯಾಟ್ ಟ್ರ್ಯಾಪ್ ಬಾಂಡ್ ಮಾಡಿಸೋಣ ಅಂತಿದ್ದೇನೆ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟುವುದು. ಮಧ್ಯೆ ಪೊಳ್ಳು ಉಳಿಯುವುದರಿಂದ ಬಿಸಿ ಒಳಗೆ ಬರುವುದು ಕಡಿಮೆ. ಇಟ್ಟಿಗೆ, ಸಿಮೆಂಟೂ ಉಳಿಯುತ್ತದೆ. ಹೊರಗೆ ಪ್ಲಾಸ್ಟರ್ ಬೇಡ, ಬರೀ ಪಾಯಿಂಟಿಂಗ್ (ಇಟ್ಟಿಗೆ ಸಂದುಗಳಿಗಷ್ಟೇ ಗಾರೆ ತುಂಬುವುದು) ಸಾಕು ಅಂತ ನನ್ನಾಸೆ.

ಮೇಸ್ತ್ರಿ ಒಪ್ಪುತ್ತಿಲ್ಲ. "ಗಾಳಿಮಳೆ ಹೊಡೆದ್ರೆ ನೀರು ಜಿನುಗುತ್ತೆ ಸ್ವಾಮಿ, ಆಮೇಲೆ ನನ್ನ ಬೈಬೇಡಿ" ಅಂತಾರೆ. ಎಂಜಿನಿಯರ್ ಎರಡು ಅಡಿ ಸಜ್ಜಾ ಕೊಟ್ಟರೆ ಸಾಕು ಅಂದರು. ಮಳೆ ಓರೆಯಾಗಿ ಬಂದರೆ ಸಜ್ಜಾ ಏನು ತಡೆಯುತ್ತೆ, ಅಲ್ವಾ?

ಸುಮ್ನೆ ಕೂರದೆ ಮೂರು ಇಟ್ಟಿಗೆ ತಂದು 24 ಗಂಟೆ ಬಕೆಟ್ಟಲ್ಲಿ ನೆನೆಸಿ ತೂಗಿದೆ. (ಹೆಂಡತಿ ನಕ್ಕಿದ್ದೇ ನಕ್ಕಿದ್ದು.) 3 ಕೆಜಿ ಇದ್ದದ್ದು 3.5 ಆಯಿತು, ಅಂದರೆ ನೀರು ಹೀರಿದ್ದು ತೂಕದ ಹತ್ತಿರಹತ್ತಿರ ಶೇ. 17. ಶೇ. 20 ದಾಟಬಾರದು ಅಂತಾರೆ. ಪಾಸಾದರೂ ಧೈರ್ಯ ಬರುತ್ತಿಲ್ಲ.

ಮೈಸೂರು-ಮಂಡ್ಯ ಕಡೆ ಪ್ಲಾಸ್ಟರ್ ಇಲ್ಲದ ಇಂಥ ಗೋಡೆಯಲ್ಲಿ ನಾಲ್ಕೈದು ಮಳೆಗಾಲ ಕಳೆದವರು ಇದ್ದೀರಾ? ಒಳಗೆ ತೇವ ಬಂತಾ? ಪಶ್ಚಿಮದ ಗೋಡೆಗೆ ಮಾತ್ರ ಪ್ಲಾಸ್ಟರ್ ಮಾಡಿಸಲಾ, ಪಾಯಿಂಟಿಂಗೇ ಸಾಕಾ?