ನಾರಿನ ಪುಡಿ ಹಾಕಿದ ಕಡೆ ಮುಸುಕಿನ ಜೋಳ ಹಳದಿಯಾಗಿದೆ, ಏನು ಮಾಡಲಿ?

ಬಯಲುಸೀಮೆ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರು ಕಡೆ. ಕೆಂಪು ಮಣ್ಣು, ಬೋರ್‌ವೆಲ್ ನೀರು. ಮಣ್ಣು ಪರೀಕ್ಷೆಯಲ್ಲಿ ಸಾವಯವ ಇಂಗಾಲ ಶೇಕಡಾ 0.38 ಬಂತು, ಕಡಿಮೆಯೇ. ಮನೆಯಲ್ಲಿ ಈಗ ಎರಡೇ ಹಸು, ತಿಪ್ಪೆ ಗೊಬ್ಬರ ಸಾಕಾಗುವುದಿಲ್ಲ. ಅದಕ್ಕೆ ತೆಂಗಿನ ನಾರಿನ ಫ್ಯಾಕ್ಟರಿಯಿಂದ ಹಸಿ ಪುಡಿ ತಂದು, ಅರ್ಧ ಎಕರೆಗೆ ನಾಲ್ಕು ಟ್ರ್ಯಾಕ್ಟರ್ ಲೋಡ್ ಹರಡಿ, ರೋಟವೇಟರ್ ಹೊಡೆಸಿ ಬಿತ್ತಿದೆ. ಪಕ್ಕದ ಅರ್ಧ ಎಕರೆಗೆ ಪುಡಿ ಹಾಕಲಿಲ್ಲ. ಡಿಎಪಿ ಗೊಬ್ಬರ ಎರಡೂ ಕಡೆ ಒಂದೇ ಅಳತೆ.

ಈಗ 28 ದಿನ. ಪುಡಿ ಹಾಕದ ಕಡೆ ಪೈರು ಚೆನ್ನಾಗಿದೆ. ಹಾಕಿದ ಕಡೆ ಕುಳ್ಳಗೆ, ಹಳದಿ. ಮಣ್ಣು ಸುಧಾರಿಸಲಿ ಅಂತ ಮಾಡಿದ್ದು, ನೋಡಿದರೆ ಸಂಕಟ ಆಗುತ್ತದೆ.

ಹೊಂಗೆ ನೆರಳು:
ಯಾವ ಎಲೆ ಹಳದಿ, ಕೆಳಗಿನದಾ, ಸುಳಿಯದಾ? ಒಂದು ಗಿಡ ಕಿತ್ತು ಬೇರೂ ನೋಡಿ ಹೇಳಿ.

ಬಯಲುಸೀಮೆ ಹುಡುಗ:
ಕೆಳಗಿನದು ಸರ್. ತುದಿಯಿಂದ ನಡುನರದ ಗುಂಟ ಹಳದಿ ಇಳಿದಿದೆ, ಅಂಚು ಇನ್ನೂ ಹಸಿರು. ಬೇರು ಬೆಳ್ಳಗಿದೆ, ಕೊಳೆತಿಲ್ಲ. ಬುಡದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಪುಡಿ ಮತ್ತೆ ಅರಳುತ್ತದೆ. ಬಣ್ಣ ಹಾಕಿದಾಗ ಹೇಗಿತ್ತೋ ಹಾಗೇ ಕಂದು.

ಹೊಂಗೆ ನೆರಳು:
ಹಾಗಾದರೆ ಸಾರಜನಕದ ಕೊರತೆ. ಕಬ್ಬಿಣದ್ದಾಗಿದ್ದರೆ ಸುಳಿ ಎಲೆ ಮೊದಲು ಬಿಳಚಿಕೊಂಡು ನರ ಮಾತ್ರ ಹಸಿರಾಗಿರುತ್ತಿತ್ತು.

ನಾರಿನ ಪುಡಿ ಕೆಟ್ಟದ್ದಲ್ಲ ತಮ್ಮಾ, ಕಳಿಯದೆ ಹಾಕಿದ್ದು ತಪ್ಪಾಯಿತು. ಹಿಂಡಿದರೂ ಅರಳುವುದು, ಕಂದು ಬಣ್ಣ, ಎರಡೂ ಅದು ಇನ್ನೂ ಕಳಿತಿಲ್ಲ ಅನ್ನುತ್ತವೆ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಸುಮಾರು 24 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಹಸಿ ನಾರಿನ ಪುಡಿಯಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲವೇ ನೂರು ಪಾಲಿಗಿಂತ ಜಾಸ್ತಿ. ಕಡಿಮೆ ಬಿದ್ದದ್ದನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ನೀವು ಹಾಕಿದ ಡಿಎಪಿಯ ಸಾರಜನಕ ಜೋಳಕ್ಕಿಂತ ಮೊದಲು ಅವುಗಳ ಪಾಲಾಗಿದೆ. ಪುಡಿಯಲ್ಲಿರುವ ಒಗರೂ ಎಳೇ ಪೈರಿಗೆ ಆಗುವುದಿಲ್ಲ. ಆದರೆ ಆ ಸಾರಜನಕ ಎಲ್ಲೂ ಹೋಗಿಲ್ಲ. ಸೂಕ್ಷ್ಮಜೀವಿಗಳು ಸತ್ತ ಹಾಗೆ ಮಣ್ಣಿಗೇ ವಾಪಸ್ ಬರುತ್ತದೆ. ಈ ಬೆಳೆಗೆ ಅಷ್ಟು ಬೇಗ ಸಿಗುವುದಿಲ್ಲ, ಅಷ್ಟೇ.

ಈಗ ಅರ್ಧ ಎಕರೆಗೆ 15 ಕೆಜಿ ಯೂರಿಯಾ ತಂದು, ಮಣ್ಣು ಹಸಿ ಇರುವಾಗ ಸಾಲಿನ ಪಕ್ಕ ಹಾಕಿ ಮಣ್ಣು ಏರಿಸಿ. ಮೇಲೆ ಸುಮ್ನೆ ಎರಚಿದರೆ ಗಾಳಿಗೆ ಹೋಗುತ್ತದೆ. ಒಂದು ಸಾಲು ಹಾಗೇ ಬಿಡಿ, ನನ್ನ ಮಾತು ಸರಿಯೋ ತಪ್ಪೋ ಅದೇ ಹೇಳುತ್ತದೆ.

ಗುಡ್ಡದ ತೋಟ:
ಯೂರಿಯಾ ಯಾಕೆ? ಜೀವಾಮೃತ ಬಿಡಿ, ಸಾಕು.

ಹೊಂಗೆ ನೆರಳು:
ಅಕ್ಕಾ, ಜೀವಾಮೃತ ನಾನೂ ತೆಂಗಿಗೆ ಬಿಡುತ್ತೇನೆ. ಆದರೆ 200 ಲೀಟರಿಗೆ ಹಾಕುವುದು 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೇಳೆ ಹಿಟ್ಟು, ಬೆಲ್ಲ. ಎಲ್ಲ ಸೇರಿದರೂ ಸಾರಜನಕ ಕಾಲು ಕೆಜಿ ಆಸುಪಾಸು. 15 ಕೆಜಿ ಯೂರಿಯಾದಲ್ಲಿ ಸುಮಾರು 7 ಕೆಜಿ ಇದೆ. ಇಲ್ಲಿ ಸೂಕ್ಷ್ಮಜೀವಿ ಕಡಿಮೆಯಾಗಿಲ್ಲ, ಅವುಗಳಿಗೆ ಊಟ ಕಡಿಮೆಯಾಗಿದೆ. ಯೂರಿಯಾ ಬೇಡವೇ ಬೇಡ ಅನ್ನುವವರು ಹೊಂಗೆ ಹಿಂಡಿ ಹಾಕಬಹುದು, ಅದು ನಿಧಾನ. 28 ದಿನದ ಜೋಳ ಅಷ್ಟು ಕಾಯುವುದಿಲ್ಲ.

ಬಯಲುಸೀಮೆ ಹುಡುಗ:
12 ದಿನ ಆಯಿತು ಸರ್. ಹೊಸ ಎಲೆ ಕಡು ಹಸಿರು ಬಂದಿದೆ, ಪೈರು ಎದ್ದಿದೆ. ಬಿಟ್ಟ ಸಾಲು ಮಾತ್ರ ಹಾಗೇ ನಿಂತಿದೆ, ರಸ್ತೆಯಿಂದಲೇ ಗೊತ್ತಾಗುತ್ತದೆ. ಬದುವಿನಲ್ಲಿ ಇನ್ನೂ ಒಂದು ಟನ್ ಪುಡಿ ಉಳಿದಿದೆ. ಏನು ಮಾಡಲಿ?

ಹೊಂಗೆ ನೆರಳು:
ಬಹಳ ಸಂತೋಷ ಆಯಿತು. ಉಳಿದದ್ದನ್ನು ನೆರಳಲ್ಲಿ ಪದರ ಪದರವಾಗಿ ಗುಡ್ಡೆ ಹಾಕಿ. ಒಂದು ಪದರಕ್ಕೆ ಆಯ್‌ಸ್ಟರ್ ಅಣಬೆ ಬೀಜ, ಮುಂದಿನದಕ್ಕೆ ಯೂರಿಯಾ. ಒಂದು ಟನ್‌ಗೆ ಐದು ಬಾಟಲಿ ಬೀಜ, 5 ಕೆಜಿ ಯೂರಿಯಾ. ಬೀಜ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಕೇಳಿ. ತೇವ ಆರಲು ಬಿಡಬೇಡಿ. ಎರಡು ತಿಂಗಳ ಮೇಲೆ ಕಪ್ಪಗಾಗಿ, ಮುಷ್ಟಿ ಬಿಟ್ಟಾಗ ಅರಳದೆ ಉದುರಿದರೆ ಹೊಲಕ್ಕೆ ಹಾಕಬಹುದು. ಅಷ್ಟು ಕೆಲಸ ಆಗದಿದ್ದರೆ ತೆಂಗಿನ ಪಾತಿಗೆ ಮುಚ್ಚಿಗೆ ಮಾಡಿ. ಮೇಲೆ ಹರಡಿದರೆ ಸಾಕು, ಮಣ್ಣಿಗೆ ಬೆರೆಸಬೇಡಿ.

ಆ ಅರ್ಧ ಎಕರೆಗೆ ಮುಂದಿನ ವರ್ಷ ಪೂರ್ವ ಮುಂಗಾರಿನಲ್ಲಿ ಹಸಿರೆಲೆ ಗೊಬ್ಬರಕ್ಕೆ ಸೆಣಬು ಚೆಲ್ಲಿ, ಹೂ ಬರುವಾಗ ಉತ್ತುಬಿಡಿ. ಬಿತ್ತುವ ಮೊದಲು ಕೊನೇಹಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಎರಡೂ ಕಡೆಯ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ಕೊಡಿ. 0.38 ಎಷ್ಟಾಯಿತು ಅಂತ ನನಗೂ ತಿಳಿಸಿ.