ಹೆರಿಗೆ ರಜೆ ಮುಗಿಯುತ್ತಿದೆ, ಮುಂದೆ ಯಾವ ರಜೆ ಹಾಕಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ರಾಜ್ಯ ಸರ್ಕಾರದ ಒಂದು ಇಲಾಖೆಯಲ್ಲಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕಿ). ಮನೆ ಕೆಂಗೇರಿ, ಕಚೇರಿ ಬಹುಮಹಡಿ ಕಟ್ಟಡದಲ್ಲಿ. ಎರಡನೇ ಮಗುವಿನ ಹೆರಿಗೆ ರಜೆಯ 180 ದಿನ ಮುಂದಿನ ತಿಂಗಳು ಮುಗಿಯುತ್ತದೆ. ಅತ್ತೆಗೆ ಮಂಡಿ ನೋವು, ಕೂಸನ್ನು ಎತ್ತಿಕೊಳ್ಳಲೂ ಆಗುವುದಿಲ್ಲ. ದೊಡ್ಡವಳು ಒಂದನೇ ಕ್ಲಾಸು. ಕಚೇರಿಗೆ ಫೋನ್ ಮಾಡಿ ಕೇಳಿದರೆ, "ಶಿಶುಪಾಲನಾ ರಜೆ ಎಲ್ಲ ಸಿಗಲ್ಲ, ಸಂಬಳ ಇಲ್ಲದ ರಜೆ ಹಾಕಿ" ಅಂದರು. ನಿಜವೇ?

ಉತ್ತರ: ನಿಜವಲ್ಲ. ಆಡಳಿತ ಶಾಖೆಯಲ್ಲಿ ವರ್ಷಗಟ್ಟಲೆ ರಜೆ ಲೆಕ್ಕ, ಸೇವಾ ಪುಸ್ತಕ ನೋಡಿಕೊಂಡವಳು ನಾನು. ಇಂಥ ಫೋನ್ ಮಾತು ನಂಬಿ ಸಂಬಳ ಕಳೆದುಕೊಂಡ ತಾಯಂದಿರನ್ನು ಕಂಡು ಬೇಜಾರಾಗಿದೆ.

ಶಿಶುಪಾಲನಾ ರಜೆಯನ್ನು ರಾಜ್ಯದ ಎಲ್ಲ ಮಹಿಳಾ ನೌಕರರಿಗೆ 2021ರ ಜೂನ್‌ನಲ್ಲಿ ಕೊಟ್ಟರು. ಇಡೀ ಸೇವೆಯಲ್ಲಿ ಒಟ್ಟು 6 ತಿಂಗಳು, ಕಿರಿಯ ಮಗುವಿಗೆ 18 ವರ್ಷ ತುಂಬುವವರೆಗೆ ಬಳಸಬಹುದು. ಈ ರಜೆಯಲ್ಲಿ ಸಂಬಳ ಬರುತ್ತದೆ.

ಆದರೆ ಯಾವ ರಜೆಯೂ ಹಕ್ಕು ಅಂತ ಕೇಳುವಂಥದ್ದಲ್ಲ. ಕಚೇರಿಯ ಕೆಲಸ ನೋಡಿಕೊಂಡು ಮೇಲಧಿಕಾರಿ ದಿನಾಂಕ ಹಿಂದೆ ಮುಂದೆ ಮಾಡಬಹುದು. ಅದು ಬೇರೆ, "ಅಂಥ ರಜೆಯೇ ಇಲ್ಲ" ಅನ್ನುವುದು ಬೇರೆ. ಹಾಗಾಗಿ ದಯವಿಟ್ಟು ಫೋನಿನಲ್ಲಿ ಕೇಳಬೇಡಿ. ಅರ್ಜಿ ಬರೆಯಿರಿ. ಯಾವ ದಿನದಿಂದ ಯಾವ ದಿನದವರೆಗೆ, ಯಾವ ಮಗುವಿಗಾಗಿ ಅಂತ ಸ್ಪಷ್ಟವಾಗಿ ಹಾಕಿ, ಮಗುವಿನ ಜನನ ಪ್ರಮಾಣಪತ್ರದ ಪ್ರತಿ ಲಗತ್ತಿಸಿ, ಕಚೇರಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಕೇಳಿದವರಿಗೆ ಬಾಯಿಮಾತಿನಲ್ಲೇ ಇಲ್ಲ ಅನ್ನುತ್ತಾರೆ. ಕಾಗದ ಬಂದರೆ ನಿಯಮ ತೆಗೆದು ನೋಡಲೇಬೇಕಾಗುತ್ತದೆ.

ಒಂದು ಸಲಹೆ. ಆ 6 ತಿಂಗಳನ್ನು ಈಗಲೇ ಒಂದೇ ಸಲ ಮುಗಿಸಬೇಡಿ. ಮಕ್ಕಳು ಚಿಕ್ಕವರಿದ್ದಾಗ ಮಾತ್ರ ಅಮ್ಮ ಬೇಕು ಅಂದುಕೊಳ್ಳುತ್ತೇವೆ. ಮುಂದೆ ಜ್ವರ ಬಂದು ಆಸ್ಪತ್ರೆ ಸೇರಿದಾಗ, ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆ ಬಂದಾಗ ಇನ್ನೂ ಜಾಸ್ತಿ ಬೇಕಾಗುತ್ತದೆ. ನಿಮ್ಮ ಖಾತೆಯಲ್ಲಿ ಗಳಿಕೆ ರಜೆ (ಸೇವೆ ಮಾಡಿದಂತೆ ಜಮೆಯಾಗುವ, ಸಂಬಳ ಬರುವ ರಜೆ) ಎಷ್ಟಿದೆ ಅಂತ ನೌಕರರ ಸಂಬಳ, ರಜೆ ಲೆಕ್ಕದ ಸರ್ಕಾರಿ ತಂತ್ರಾಂಶ ಎಚ್‌ಆರ್‌ಎಂಎಸ್‌ನಲ್ಲಿ ನೋಡಿ. ಹೆರಿಗೆ ರಜೆಗೆ ಅದನ್ನು ಸೇರಿಸಿ ಹಾಕಬಹುದು. ಮೊದಲು ಅದನ್ನು ಬಳಸಿ, ಸಾಲದಿದ್ದರೆ ಮೇಲೆ ಸ್ವಲ್ಪ ಶಿಶುಪಾಲನಾ ರಜೆ ಹಾಕಿ. ಸಂಬಳ ಇಲ್ಲದ ಅಸಾಧಾರಣ ರಜೆ ಕಟ್ಟಕಡೆಗೆ ಇರಲಿ. ಸಂಬಳ ಹೋಗುವುದಷ್ಟೇ ಅಲ್ಲ, ವೈದ್ಯಕೀಯ ಕಾರಣ ಇಲ್ಲದಿದ್ದರೆ ವಾರ್ಷಿಕ ವೇತನ ಬಡ್ತಿಯೂ (ಇನ್‌ಕ್ರಿಮೆಂಟ್) ಮುಂದಕ್ಕೆ ಹೋಗುತ್ತದೆ.

ಪ್ರಶ್ನೆ (ಅದೇ ಸದಸ್ಯೆ): ತುಂಬ ಧನ್ಯವಾದ ಮೇಡಂ. ಆದರೆ ಗಳಿಕೆ ರಜೆ ಖಾಲಿ ಮಾಡಿದರೆ ನಿವೃತ್ತಿ ಹೊತ್ತಿಗೆ ನಷ್ಟ ಅಂತ ಸಹೋದ್ಯೋಗಿಗಳು ಹೇಳುತ್ತಾರೆ.

ಉತ್ತರ: ಲೆಕ್ಕ ಹಾಕಿ ನೋಡೋಣ. ಜನವರಿ 1ಕ್ಕೆ 15, ಜುಲೈ 1ಕ್ಕೆ 15, ಅಂದರೆ ವರ್ಷಕ್ಕೆ 30 ದಿನ ಜಮೆಯಾಗುತ್ತದೆ. ಅದರಲ್ಲಿ 15 ದಿನವನ್ನು ವರ್ಷಕ್ಕೊಮ್ಮೆ ನಗದೀಕರಣ ಮಾಡಿಕೊಂಡರೂ (ರಜೆ ಬದಲು ದುಡ್ಡು ಪಡೆದರೂ) ಇನ್ನು 15 ಉಳಿಯುತ್ತದೆ. ನಿವೃತ್ತಿಯಲ್ಲಿ ಗರಿಷ್ಠ 300 ದಿನಕ್ಕೆ ಮಾತ್ರ ದುಡ್ಡು. ನಿಮಗಿನ್ನೂ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಸೇವೆ ಇದ್ದರೆ, ಈಗ ಖಾಲಿಯಾದದ್ದು ಮತ್ತೆ ತುಂಬಿಕೊಳ್ಳುತ್ತದೆ. ರಜೆ ಕೂಡಿಡುವುದೇ ಜಾಣತನ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 300ರ ಮಿತಿ ತಲುಪಿದ ಮೇಲೆ ಬಂದದ್ದು ಸುಮ್ನೆ ಹೋಗುತ್ತದೆ, ಅಲ್ವಾ?

ನಿಮ್ಮ ಯಜಮಾನರೂ ಸರ್ಕಾರಿ ನೌಕರರಾಗಿದ್ದರೆ ಅವರಿಗೆ 15 ದಿನ ಪಿತೃತ್ವ ರಜೆ ಇತ್ತು. ಅದನ್ನು ಕೇಳುವುದಕ್ಕೆ ಎಷ್ಟೋ ಗಂಡಸರು ಸಂಕೋಚಪಡುತ್ತಾರೆ. ಈ ಗುಂಪಿನಲ್ಲಿ ತಂದೆಯಾಗಲಿರುವವರು ಯಾರಾದರೂ ಇದ್ದರೆ ದಯವಿಟ್ಟು ತೆಗೆದುಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನನ್ನದು ಅಪ್ಪನ ಚಿಂತೆ. ಪಾರ್ಶ್ವವಾಯು ಆಗಿ ಮಲಗಿದ್ದಾರೆ. ನನಗೆ ಅಣ್ಣ ತಮ್ಮ ಯಾರೂ ಇಲ್ಲ. ಪರಿವರ್ತಿತ ರಜೆ ಹಾಕಬಹುದಾ?

ಉತ್ತರ: ಇಲ್ಲ. ಪರಿವರ್ತಿತ ರಜೆ ಅಂದರೆ ಅರ್ಧ ವೇತನ ರಜೆಯನ್ನು ಪೂರ್ತಿ ಸಂಬಳದ ರಜೆಯಾಗಿ ಬದಲಿಸಿಕೊಳ್ಳುವುದು. ಅದು ನಿಮ್ಮದೇ ಅನಾರೋಗ್ಯಕ್ಕೆ, ವೈದ್ಯರ ಪ್ರಮಾಣಪತ್ರದ ಮೇಲೆ ಕೊಡುವಂಥದ್ದು. ಅಪ್ಪನ ಕಾಯಿಲೆಗೆ ನಿಮ್ಮ ಹೆಸರಲ್ಲಿ ಸರ್ಟಿಫಿಕೇಟ್ ತರಬೇಡಿ. ಎಷ್ಟೇ ಕಷ್ಟವಿದ್ದರೂ ಅದು ನಿಮ್ಮ ನೌಕರಿಗೇ ಕುತ್ತು.

ಸರಿಯಾದ ದಾರಿ ಇದೆ. ಅರ್ಧ ವೇತನ ರಜೆ ವರ್ಷಕ್ಕೆ 20 ದಿನ ಜಮೆಯಾಗುತ್ತದೆ. ಅದನ್ನು ಖಾಸಗಿ ಕಾರಣಕ್ಕೂ ಹಾಕಬಹುದು. ತುಂಬ ಜನ ಅದು ಖಾತೆಯಲ್ಲಿದೆ ಅನ್ನುವುದನ್ನೇ ಮರೆತಿರುತ್ತಾರೆ. ಮೊದಲು ಗಳಿಕೆ ರಜೆ, ಆಮೇಲೆ ಇದು. ಅರ್ಜಿಯಲ್ಲಿ ಅಪ್ಪನ ಸ್ಥಿತಿಯನ್ನು ಇದ್ದದ್ದು ಇದ್ದಂತೆ ಬರೆಯಿರಿ. ಫಿಸಿಯೋಥೆರಪಿಗೆ ಬೆಳಿಗ್ಗೆ ಮಾತ್ರ ಕರೆದುಕೊಂಡು ಹೋಗಬೇಕಿದ್ದರೆ ಅರ್ಧ ದಿನದ ಸಾಂದರ್ಭಿಕ ರಜೆ ಸಾಕು. ಇಡೀ ದಿನ ಕಳೆಯಬೇಡಿ, ಏಕೆಂದರೆ 2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟಾಗ ಸಾಂದರ್ಭಿಕ ರಜೆ 15ರಿಂದ 10ಕ್ಕೆ ಇಳಿದಿದೆ. ಇದನ್ನು ಗಳಿಕೆ ರಜೆಯ ಜೊತೆ ಸೇರಿಸಿ ಹಾಕಲು ಬರುವುದಿಲ್ಲ ಅನ್ನುವುದೂ ನೆನಪಿರಲಿ.

ಚಿಕಿತ್ಸೆಯ ಖರ್ಚಿಗೆ 2025ರ ಅಕ್ಟೋಬರ್‌ನಿಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಬಂದಿದೆ. ಅವಲಂಬಿತ ತಂದೆ ತಾಯಿಗೂ ಆದಾಯ ಮಿತಿಯೊಳಗೆ ಅನ್ವಯಿಸುತ್ತದೆ. ಅಪ್ಪನ ಹೆಸರು ಸೇರಿದೆಯಾ ಅಂತ ಇವತ್ತೇ ನೋಡಿ. ಆಸ್ಪತ್ರೆ ಬಾಗಿಲಲ್ಲಿ ನಿಂತು ನೋಡುವ ಹಾಗಾಗಬಾರದು.

ಪ್ರಶ್ನೆ (ಮತ್ತೊಬ್ಬ ಸದಸ್ಯರು): ಹೆಂಡತಿ ತೀರಿಕೊಂಡು ಮಗಳನ್ನು ಒಬ್ಬನೇ ಸಾಕುತ್ತಿದ್ದೇನೆ. ನನಗೇನಾದರೂ ಇದೆಯಾ?

ಉತ್ತರ: ಇದೆ. ಒಂಟಿ ಪೋಷಕರಾದ ಪುರುಷ ನೌಕರರಿಗೂ 2023ರಿಂದ 6 ತಿಂಗಳ ಶಿಶುಪಾಲನಾ ರಜೆ ಇದೆ. ಪತ್ನಿಯ ಮರಣ ಪ್ರಮಾಣಪತ್ರ, ಮಗಳ ಜನನ ಪ್ರಮಾಣಪತ್ರ ಇಟ್ಟುಕೊಂಡು ಅರ್ಜಿ ಹಾಕಿ. ನಿಮ್ಮ ಕಚೇರಿಯಲ್ಲಿ ಇದನ್ನು ಕೇಳುವ ಮೊದಲ ಗಂಡಸು ನೀವೇ ಆಗಿರಬಹುದು. ಹಿಂಜರಿಯಬೇಡಿ. ವಿಷಯ ನಿರ್ವಾಹಕರಿಗೆ (ಕಡತ ನೋಡಿಕೊಳ್ಳುವ ಸಿಬ್ಬಂದಿಗೆ) ಗೊತ್ತಿಲ್ಲದಿದ್ದರೆ ಆದೇಶದ ಪ್ರತಿಯನ್ನು ಅರ್ಜಿಗೆ ಸೇರಿಸಿ ಕೊಡಿ.

ಪ್ರಶ್ನೆ (ಕೇಂದ್ರ ಸರ್ಕಾರಿ ನೌಕರೆ, ಜಯನಗರ): ಇದೆಲ್ಲ ನಮಗೂ ಹೀಗೆಯೇ?

ಉತ್ತರ: ಅಲ್ಲ, ನಿಮ್ಮ ನಿಯಮ ಬೇರೆ. ನಿಮ್ಮ ಶಿಶುಪಾಲನಾ ರಜೆ 730 ದಿನ. ಮೊದಲ 365 ದಿನ ಪೂರ್ತಿ ಸಂಬಳ, ಉಳಿದ 365 ದಿನ ಶೇಕಡ 80. ಒಂದು ಸಲಕ್ಕೆ ಕನಿಷ್ಠ 5 ದಿನ ಹಾಕಬೇಕು, ವರ್ಷಕ್ಕೆ ಮೂರು ಸಲ. ಒಂಟಿ ತಾಯಿಯಾದರೆ ಆರು ಸಲ. ಮೊದಲ ಎರಡು ಮಕ್ಕಳಿಗೆ ಮಾತ್ರ.